ಗುಂಡಿಗೆ ಮುಂಚಿನ ಮಾತು

ಮಗು ಹುಟ್ಟಿದರೆ ಒಂದು,
ಸತ್ತರೆ ಎರಡು.
ನಮ್ಮ ಕಡೆ ಕೋವಿಗೆ ಇಷ್ಟೇ ವ್ಯಾಕರಣ,
ತೊಟ್ಟಿಲಲ್ಲೇ ಕಲಿತುಬಿಡುತ್ತೇವೆ.

ಲೈನ್ ಮನೆಯ ಯೋಗಮಲರ್‌ಗೆ ಯಾರೂ ಕಲಿಸಿರಲಿಲ್ಲ.
ಮಾದಾಪುರಕ್ಕೆ ಅವಳು ಬಂದ ವರ್ಷ
ಮೇಲಿನ ಮನೆಯಲ್ಲಿ ಒಂದು ಗುಂಡು ಹಾರಿತು.
ಮೆಣಸು ಬಿಡಿಸುತ್ತಿದ್ದ ಹೆಂಗಸರು
'ಗಂಡು' ಎಂದು ನಕ್ಕರು.
ಇವಳು ಏಣಿಯಿಂದ ಜಿಗಿದು
ಎರಡು ಮಕ್ಕಳನ್ನು (ಒಂದು ಅವಳದಲ್ಲ)
ಚರಂಡಿಗೆ ತಳ್ಳಿ, ಮೇಲೆ ಮಲಗಿಬಿಟ್ಟಳು.
ಎಬ್ಬಿಸುವಷ್ಟರಲ್ಲಿ ಸಂಜೆಯಾಯಿತು.

ಅಪ್ಪ ಅಂದು ಊಟ ಮಾಡಲಿಲ್ಲ.
ಸುಬೇದಾರ್ ಪೆಮ್ಮಯ್ಯ. ಎಡಗೈಗೆ ಮೂರೇ ಬೆರಳು,
ಉಳಿದೆರಡು ಯಾಳ್ಪಾಣದ ಯಾವುದೋ ಬಾವಿಕಟ್ಟೆಯ ಹತ್ತಿರ.
ಆ ದಂಡಿಗೆ ಶಾಂತಿ ಸೇನೆ ಎಂದು ಹೆಸರಿತ್ತಂತೆ.
ಯಾರಾದರೂ ಆ ಹೆಸರೆತ್ತಿದರೆ ಅಪ್ಪ
ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ
ನಾಲಗೆಯಲ್ಲೇ ಹುಡುಕಿ, ಹೊರಗೆ ತೆಗೆದು
ಎಲೆಯ ಅಂಚಿಗೆ ಇಡುತ್ತಿದ್ದ.

ಒಂದು ಶನಿವಾರ ಬಟವಾಡೆಗೆ ಬಂದವಳು
ಜಗಲಿಯ ಫೋಟೋ ಮುಂದೆ ನಿಂತಳು.
ಸಮವಸ್ತ್ರದ ಹನ್ನೊಂದು ಜನ, ಹಿಂದೆ ತಾಳೆಮರಗಳ ಸಾಲು.
ಕೊಡಗಿನಲ್ಲಿ ತಾಳೆ ಎಲ್ಲಿಂದ ಬರಬೇಕು?
ಅವಳು ಮುಖ ನೋಡಲಿಲ್ಲ, ಮರ ಎಣಿಸಿದಳು,
ಮೂರನೆಯದರ ಮೇಲೆ ಬೆರಳಿಟ್ಟಳು.
ಅಪ್ಪನ ಪೆನ್ನು ನಿಂತಿತು.

ಮರುದಿನ ಫೋಟೋ ಇರಲಿಲ್ಲ,
ಗೋಡೆಯಲ್ಲಿ ಬೆಳ್ಳಗೆ ಒಂದು ಚೌಕ.
ಮುಂದಿನ ಶನಿವಾರ ಅವಳೇ ಅಂದಳು,
"ಹಾಕಿ ಸಾರ್. ಮರ ಏನು ಮಾಡಿತು?"

ಅಷ್ಟೇ.
ತಪ್ಪೊಪ್ಪಿಗೆ, ಕಣ್ಣೀರು, ಯಾವುದೂ ನಡೆಯಲಿಲ್ಲ,
ಅಲ್ಲೇ ಇದ್ದೆ ನಾನು.
ಅವಳ ತಮ್ಮ ಯಾರ ಗುಂಡಿಗೆ ಹೋದ, ಅಪ್ಪ ಕೇಳಲಿಲ್ಲ,
ಅವಳು ಹೇಳಲಿಲ್ಲ.

ಆದರೆ ಆಮೇಲೆ
ಫಾರೆಸ್ಟಿನವರು ಆನೆ ಓಡಿಸುವ ರಾತ್ರಿಗಳಲ್ಲಿ
ಅಪ್ಪ ಟಾರ್ಚ್ ಹಿಡಿದು ಗುಡ್ಡ ಇಳಿದು
ಲೈನಿನ ಮೊದಲ ಬಾಗಿಲು ತಟ್ಟುತ್ತಿದ್ದ:
"ಒಂಬತ್ತಕ್ಕೆ ಪಟಾಕಿ. ಆರೋ ಏಳೋ. ಆನೆಗೆ."
ಮದುವೆಯಲ್ಲಿ ಬಾಳೆ ಕಡಿಯುವ ದಿನ:
"ಹತ್ತು ಗಂಟೆಗೆ. ಮೂರು. ಖುಷಿಗೆ."
ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿ ಗುರಿಯಿಟ್ಟರೆ:
"ಮಧ್ಯಾಹ್ನ ಪೂರ್ತಿ. ಲೆಕ್ಕ ಇಲ್ಲ. ಆಟ."
ಜ್ವರ ಬಂದಾಗ ನನ್ನನ್ನು ಕಳಿಸಿದ.
"ಎಷ್ಟು ಅಂತ ಹೇಳು, ಯಾಕೆ ಅಂತ ಹೇಳು.
ಹೆದರಬೇಡಿ ಅಂತ ಮಾತ್ರ ಹೇಳಬೇಡ."

ಸುಬೇದಾರ ಗುಂಡಿಗೆ ಟಪಾಲು ಹಂಚುತ್ತಾನೆ
ಎಂದು ಊರು ನಕ್ಕಿತು.
ಎರಡು ಮಳೆಗಾಲ ಕಳೆದ ಮೇಲೆ ಊರುತಕ್ಕರೇ
ಕೋವಿ ಎತ್ತುವ ಮೊದಲು ಕೇಳತೊಡಗಿದರು,
"ಲೈನಿಗೆ ಹೇಳಿ ಆಯ್ತಾ?"

ಒಮ್ಮೆ ಬೇಲಿಯಲ್ಲಿ ತೋಕ್ ಪೂ ಕೀಳುತ್ತಿದ್ದೆ,
ಕೋವಿಯ ಬಾಯಿಗೆ ಸಿಕ್ಕಿಸಲು.
ಕೆಂಪು ಹಳದಿ, ಉರಿಯ ನಾಲಗೆಯಂಥ ಎಸಳು.
"ನಮ್ಮಲ್ಲಿ ಇದು ಗೋರಿಗೆ" ಎಂದಳು ಯೋಗಮಲರ್.
ನನಗೆ ಏನು ಹೇಳಬೇಕೋ ತೋಚಲಿಲ್ಲ.
ಅವಳೇ ಎರಡು ಕಿತ್ತು ಕೊಟ್ಟು,
"ಗೆಡ್ಡೆ ವಿಷ, ಮಕ್ಕಳನ್ನ ದೂರ ಇಡಿ"
ಎಂದು ಕಸ ಗುಡಿಸಲು ಹೋದಳು.

ಹೋದ ಮಾಗಿಯ ಬೆಳಗಿನ ಜಾವ
ಅಪ್ಪ ತೀರಿಕೊಂಡ.
ಅಣ್ಣ ಕೋವಿ ತೆಗೆದ. ತಡಿ, ಎಂದೆ.
ಕೆಳಗಿನಿಂದ ಬೆಳಕು ಎರಡು ಸಲ ಮಿನುಗಿಸುತ್ತೇನೆ,
ಆಮೇಲೆ ಹೊಡಿ.
ಮಂಜಿನಲ್ಲಿ ಗುಡ್ಡ ಇಳಿದೆ, ಅಪ್ಪನ ಟಾರ್ಚೇ,
ಸೆಲ್ಲು ಮುಗಿಯುತ್ತಾ ಬಂದಿತ್ತು.

ಬಾಗಿಲು ತೆರೆಯಿತು.
"ಎರಡು" ಎಂದೆ.
ಯಾಕೆ ಎನ್ನಲು ಬಾಯಿ ಏಳಲಿಲ್ಲ.
ಅವಳು ಟಾರ್ಚ್ ನೋಡಿದಳು,
ಅದನ್ನು ಹಿಡಿದ ಕೈ ನೋಡಿದಳು:
ಐದು ಬೆರಳು.

ಒಳಗೆ ಹೋಗಿ ಮೊಮ್ಮಗಳನ್ನು ಎಬ್ಬಿಸಿ ತಂದಳು.
"ಈಗ ಎರಡು ಬರುತ್ತೆ. ಎಣಿಸು."
ಮೂವರೂ ಹೊಸ್ತಿಲ ಮೇಲೆ ಕೂತೆವು.
ನಾನು ಬೆಳಕು ಆರಿಸಿ, ಹೊತ್ತಿಸಿ,
ಮತ್ತೆ ಆರಿಸಿದೆ.

ಒಂದು.

ನಿದ್ದೆಗಣ್ಣಲ್ಲೇ ಮಗು
ಕಿರುಬೆರಳು ಮಡಚಿ
ಮುಂದಿನ ಬೆರಳನ್ನು ಹಿಡಿದುಕೊಂಡು
ಕಾಯುತ್ತಿತ್ತು.